ಕೊಟ್ಟ ಹೂವು ಏನು ಹೇಳುತ್ತದೆ?



ನಮ್ಮ ವಾಚನಾಲಯಕ್ಕೆ ಸಂಜೆ ತಪ್ಪದೆ ಬರುವ ತರುಣ ಗುಮಾಸ್ತರೊಬ್ಬರು ಒಂದು ದಿನ ಬಹಳ ಸಂಕೋಚದಿಂದ, "ಯಾವ ಹೂವಿಗೆ ಏನು ಅರ್ಥ ಎಂದು ಹೇಳುವ ಪುಸ್ತಕ ನಿಮ್ಮಲ್ಲಿದೆಯೇ?" ಎಂದು ಕೇಳಿದರು. ಹುಮನಾಬಾದಿನ ಕಡೆಯವರು, ಈ ಊರಿಗೆ ಬಂದು ಎರಡು ವರ್ಷವಾಗಿಲ್ಲ. ಇದೇನು ಮದುವೆಯ ಸುದ್ದಿಯೋ ಎಂದು ನಾವು ನಕ್ಕೆವು. ಅವರು ನಗಲಿಲ್ಲ. ನಡೆದದ್ದನ್ನು ಹೇಳಿದರು.

ಅವರ ಕಚೇರಿಯ ಮಿತ್ರರೊಬ್ಬರ ತಂದೆ ಕಾಯಿಲೆಯಿಂದ ಎದ್ದು ಮನೆಗೆ ಬಂದಿದ್ದರು. ನೋಡಿಬರಲು ಹೊರಟ ನಮ್ಮ ಗುಮಾಸ್ತರು, ಬರಿಗೈಯಲ್ಲಿ ಹೋಗಬಾರದೆಂದು, ನಾಂಪಲ್ಲಿಯ ಯೂಸುಫೈನ್ ದರ್ಗಾದ ಹತ್ತಿರ ಎಲೆಯಲ್ಲಿ ಕಟ್ಟಿ ಮಾರುವ ಗುಲಾಬಿ ಎಸಳಿನ ಪೊಟ್ಟಣವನ್ನು ಕೊಂಡರು. ಹೂವು ತಾಜಾ, ಬೆಲೆ ಕಡಿಮೆ. ಮನೆಗೆ ಹೋಗಿ ಹಿರಿಯರ ಕೈಗೆ ಕೊಟ್ಟಾಗ ಮನೆಯವರೆಲ್ಲ ಒಂದು ಕ್ಷಣ ಸುಮ್ಮನಾದರು. ಆ ಹಿರಿಯರು ಮಾತ್ರ ಪೊಟ್ಟಣವನ್ನು ಬಿಚ್ಚಿ ನೋಡಿ, "ನಾನು ಇನ್ನೂ ಇದ್ದೇನಲ್ಲ ಮಗನೇ!" ಎಂದು ದಖ್ಖನಿಯಲ್ಲಿ ಹೇಳಿ ಜೋರಾಗಿ ನಕ್ಕರು. ಬಿಡಿ ಎಸಳುಗಳು ಸಮಾಧಿಯ ಮೇಲೆ ಹಾಕುವ ಹೂವೆಂದು ನಮ್ಮವರಿಗೆ ತಿಳಿದದ್ದು ಆಗಲೇ. ಹಿರಿಯರ ದೊಡ್ಡ ಮನಸ್ಸಿನಿಂದ ಮಾತು ಅಲ್ಲಿಗೇ ಮುಗಿಯಿತು. ಆದರೆ ಎಲ್ಲ ಕಡೆಯೂ ಅಂಥ ಹಿರಿಯರಿರುವುದಿಲ್ಲ. ಆದ್ದರಿಂದ ಈ ಸಲದ ಪಾಠಕ್ಕೆ ಹೂವನ್ನೇ ಆರಿಸಿಕೊಂಡಿದ್ದೇವೆ.

೧. ಪುಸ್ತಕದ ಅರ್ಥಗಳು

ಕೆಂಪು ಗುಲಾಬಿ ಎಂದರೆ ಪ್ರೇಮ, ಹಳದಿ ಎಂದರೆ ಸ್ನೇಹ, ಬಿಳಿ ಎಂದರೆ ಶಾಂತಿ ಎಂಬ ಪಟ್ಟಿಯನ್ನು ವಾಚಕರು ಅಲ್ಲಲ್ಲಿ ಓದಿರಬಹುದು. ಫೆಬ್ರವರಿ ೧೪ ಬಂದರಂತೂ ಹೂವಿನ ಅಂಗಡಿಗಳಲ್ಲಿ ಈ ಪಟ್ಟಿಯದೇ ರಾಜ್ಯಭಾರ. ಇದು ಎಲ್ಲಿಂದ ಬಂತು?

೧೭೧೮ರಲ್ಲಿ ಇಸ್ತಾಂಬುಲ್ ನಗರದಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಪತ್ನಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯೂ ಎಂಬಾಕೆ ತನ್ನ ಗೆಳತಿಗೆ ಒಂದು ಪತ್ರ ಬರೆದಳು. ಅಲ್ಲಿಯ ಹೆಂಗಸರು ಅಕ್ಷರವಿಲ್ಲದೆಯೇ ವಸ್ತುಗಳನ್ನು ಕಳಿಸಿ ಪ್ರೇಮಪತ್ರ ಬರೆಯುತ್ತಾರೆಂಬುದು ಅದರ ವಿಷಯ. ಆ ಗಂಟಿನಲ್ಲಿ ಹೂವಷ್ಟೇ ಅಲ್ಲ, ಲವಂಗ, ಕಾಗದ, ಇದ್ದಿಲು, ಸಾಬೂನು ಸಹ ಇರುತ್ತಿದ್ದವು. ವಸ್ತುವಿನ ಹೆಸರಿಗೆ ಪ್ರಾಸವಾಗುವ ಒಂದು ಸಾಲು ಇಬ್ಬರಿಗೂ ಗೊತ್ತಿದ್ದರೆ ಅದೇ ಸಂದೇಶ. ಅಂದರೆ ಅರ್ಥವಿದ್ದದ್ದು ಹೂವಿನಲ್ಲಲ್ಲ, ಇಬ್ಬರಿಗೂ ಬರುವ ಮಾತಿನಲ್ಲಿ. ಈ ಪತ್ರದಿಂದ ಯೂರೋಪಿನವರಿಗೆ ಆಸೆ ಹುಟ್ಟಿತು. ೧೮೧೯ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೋತ್ ದ ಲಾತೂರ್ ಎಂಬ ಕಾವ್ಯನಾಮದಲ್ಲಿ ಹೂವಿನ ಭಾಷೆಯ ಪುಸ್ತಕವೊಂದು ಅಚ್ಚಾಯಿತು. ೧೮೮೪ರಲ್ಲಿ ಲಂಡನ್ನಿನಲ್ಲಿ ಕೇಟ್ ಗ್ರೀನವೇ ಎಂಬ ಚಿತ್ರಕಾರ್ತಿ ಇನ್ನೊಂದನ್ನು ತಂದಳು. ನಡುವೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಒಂದರಲ್ಲಿದ್ದ ಅರ್ಥ ಇನ್ನೊಂದರಲ್ಲಿ ಇರಲಿಲ್ಲ. ಹಳದಿ ಗುಲಾಬಿಗೆ ಆ ಕಾಲದ ಪಟ್ಟಿಗಳು ಹೊಟ್ಟೆಕಿಚ್ಚು ಎಂದು ಅರ್ಥ ಹೇಳಿದವು. ಈಗಿನ ಪಟ್ಟಿ ಸ್ನೇಹ ಎನ್ನುತ್ತದೆ. ನಮಗೆ ಹಳದಿ ಎಂದರೆ ಅರಿಶಿನ, ಮಂಗಳದ ಬಣ್ಣ. ಮೂವರೂ ನೋಡುತ್ತಿರುವುದು ಒಂದೇ ಹೂವನ್ನು.

ಇನ್ನೊಂದು ಉದಾಹರಣೆ ನೋಡಿ. ಸೇವಂತಿಗೆ ಇಲ್ಲದೆ ನಮ್ಮಲ್ಲಿ ಹಬ್ಬವಿಲ್ಲ. ಫ್ರಾನ್ಸಿನಲ್ಲಿ ನವೆಂಬರ್ ೧ರಂದು ಜನ ಅದೇ ಸೇವಂತಿಗೆಯನ್ನು ಸಮಾಧಿಗಳ ಮೇಲೆ ಇಟ್ಟು ಬರುತ್ತಾರೆ. ಅಲ್ಲಿ ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಅದನ್ನು ಒಯ್ದರೆ ಅಪಚಾರ. ಜಪಾನಿನಲ್ಲಿ ೧೬ ಎಸಳಿನ ಸೇವಂತಿಗೆ ಚಕ್ರವರ್ತಿಯ ಮುದ್ರೆ. ರಷ್ಯದಲ್ಲಿ ಹೂವಿನ ಸಂಖ್ಯೆಯೂ ಮಾತಾಡುತ್ತದೆ. ಬದುಕಿದವರಿಗೆ ಬೆಸ ಸಂಖ್ಯೆ, ಸತ್ತವರಿಗೆ ಸಮ ಸಂಖ್ಯೆ. ನಮ್ಮ ಮುಯ್ಯಿಯ ೧೦೧ ರೂಪಾಯಿಯನ್ನು ಇದು ನೆನಪಿಗೆ ತರುತ್ತದೆ.

ನಮ್ಮ ಹೂವುಗಳೆಲ್ಲ ನಮ್ಮವೇ ಎನ್ನುವಂತೆಯೂ ಇಲ್ಲ. ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವು, ಮದುವೆಯ ಹಾರದ ಸುಗಂಧರಾಜ, ಎರಡೂ ಮೆಕ್ಸಿಕೋ ದೇಶದ ಕಡೆಯವು. ಪೋರ್ಚುಗೀಸರು ಬಂದ ಮೇಲೆ ಇತ್ತ ಬಂದವು. ಮೆಕ್ಸಿಕೋದಲ್ಲಿ ಇಂದಿಗೂ ಚೆಂಡು ಹೂವು ನವೆಂಬರ್ ಆರಂಭದಲ್ಲಿ ಸತ್ತವರನ್ನು ಮನೆಗೆ ಕರೆಯುವ ಹೂವು. ನಮ್ಮಲ್ಲಿ ಲಕ್ಷ್ಮಿಯನ್ನು ಕರೆಯುವ ಹೂವು. ಹೂವು ಸಮುದ್ರ ದಾಟಿತು, ಅರ್ಥ ಅಲ್ಲೇ ಉಳಿಯಿತು. ಬಂದ ಊರು ಹೊಸ ಅರ್ಥ ಕೊಟ್ಟಿತು. ಊರು ಬಿಟ್ಟು ಬಂದ ನಮ್ಮಂಥವರು ಇದನ್ನು ಸುಲಭವಾಗಿ ತಿಳಿಯಬಲ್ಲೆವು.

೨. ನಮ್ಮ ಮನೆಯ ಭಾಷೆ

ನಮ್ಮಲ್ಲಿ ಹೂವಿನ ಪುಸ್ತಕವಿಲ್ಲ, ಆದರೆ ಹೂವಿನ ವ್ಯಾಕರಣವಿದೆ. "ಹೂ ಮುಡಿಸಿ ಬಂದರು" ಎಂದರೆ ಹೆಣ್ಣು ಗೊತ್ತಾಯಿತು ಎಂದರ್ಥ, ಬೇರೆ ವಿವರಣೆ ಬೇಡ. ಬಸುರಿಗೆ ಮೊಗ್ಗಿನ ಜಡೆ ಹಾಕಿದರೆ ನೆರೆಮನೆಯವರಿಗೆಲ್ಲ ಸುದ್ದಿ ಮುಟ್ಟಿತು. ದೇವರ ಮುಂದೆ ಪ್ರಶ್ನೆಯಿಟ್ಟು ಕುಳಿತವರು "ಬಲಗಡೆ ಹೂ ಕೊಟ್ಟಳು ತಾಯಿ" ಎಂದು ಎದ್ದರೆ ಅಪ್ಪಣೆಯಾಯಿತು. ದೇವರಿಗೆ ಮುಡಿಸುವ ಹೂವನ್ನು ಮೊದಲು ಮೂಸಬಾರದು. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದು, ಪಾರಿಜಾತವೊಂದು ಸಲ್ಲುತ್ತದೆ. ಕೇದಿಗೆ ಹೆಂಗಸರ ಜಡೆಗೆ ಏರುತ್ತದೆ, ಶಿವನ ತಲೆಗೆ ಏರುವುದಿಲ್ಲ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿತೆಂದು ಪುರಾಣದ ಕಥೆ. ಬದುವಿನ ಮೇಲೆ ಬೆಳೆಯುವ ಪುಟ್ಟ ತುಂಬೆ ಮಾತ್ರ ಶಿವನಿಗೆ ಬಲು ಇಷ್ಟ.

ಮಲ್ಲಿಗೆಯ ಮಾತಂತೂ ನಮ್ಮ ನಾಡಿನಲ್ಲಿ ಮುಗಿಯುವುದಿಲ್ಲ. ಮೈಸೂರು, ಉಡುಪಿ, ಹಡಗಲಿ ಈ ಮೂರೂ ಊರಿನ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಉಡುಪಿಯ ಮಲ್ಲಿಗೆಯನ್ನು ಅಳೆಯುವ ಲೆಕ್ಕವೇ ಬೇರೆ, ೪ ಚೆಂಡು ಸೇರಿದರೆ ೧ ಅಟ್ಟೆ. ನಮ್ಮ ಕಡೆ ಮೊಳ, ಮಾರು. ಕೆ. ಎಸ್. ನರಸಿಂಹಸ್ವಾಮಿಯವರು ೧೯೪೨ರಲ್ಲಿ ಪ್ರಕಟಿಸಿದ 'ಮೈಸೂರು ಮಲ್ಲಿಗೆ' ಕವನ ಸಂಕಲನವನ್ನು ಜನ ಮದುವೆಗಳಲ್ಲಿ ಉಡುಗೊರೆಯಾಗಿ ಕೊಡುವಂತಾಯಿತು. ಹೂವಿನ ಹೆಸರಿನ ಪುಸ್ತಕವೇ ಹೂವಿನ ಕೆಲಸ ಮಾಡಿತು.

ಇಲ್ಲಿ ತರುಣರಿಗೆ ಒಂದು ಎಚ್ಚರಿಕೆ. ಮುಡಿಯುವ ಹೂವು ಬೇರೆ, ಕೈಗೆ ಕೊಡುವ ಹೂವು ಬೇರೆ. ಸಂಬಳದ ದಿನ ಗಂಡ ಎಲೆಯಲ್ಲಿ ಸುತ್ತಿ ತರುವ ಮೊಳ ಮಲ್ಲಿಗೆ ಸಂಸಾರದ ಮಾತು. ಅಣ್ಣ ತಂಗಿಗೆ ತರಬಹುದು, ಮಗ ತಾಯಿಗೆ ತರಬಹುದು. ಕಚೇರಿಯ ಜೊತೆಗಾರ್ತಿಗೆ ಮಲ್ಲಿಗೆಯ ದಂಡೆಯನ್ನು ಕೊಟ್ಟರೆ, ಕೊಟ್ಟವರು ನೆನೆಸದ ಅರ್ಥ ಅದಕ್ಕೆ ಬರುತ್ತದೆ. ಅಂಥಲ್ಲಿ ಹೂಗುಚ್ಛವೋ ಕುಂಡದ ಗಿಡವೋ ಲೇಸು.

೩. ಈ ಊರಿನ ಭಾಷೆ

ಹೈದರಾಬಾದಿನಲ್ಲಿ ಹೂವು ಕನಿಷ್ಠ ಮೂರು ಭಾಷೆ ಮಾತಾಡುತ್ತದೆ. ಮೊಜಂಜಾಹಿ ಮಾರ್ಕೆಟ್ಟಿನ ಬಳಿಯ ಜಾಂಬಾಗಿನಲ್ಲಿದ್ದ ಸಗಟು ಪೇಟೆ ಈಗ ಗುಡಿಮಲ್ಕಾಪುರದಲ್ಲಿದೆ. ಬೆಳಗಿನ ಜಾವ ಅಲ್ಲಿಗೆ ಹೋದವರು ಮೂರು ಭಾಷೆಗಳನ್ನೂ ಒಟ್ಟಿಗೆ ಕೇಳಬಹುದು. ತೆಲುಗರ 'ಪುವ್ವು' ನಮ್ಮ ಹಳಗನ್ನಡದ 'ಪೂ'. ನಾವು ಪಕಾರವನ್ನು ಹಕಾರ ಮಾಡಿ 'ಹೂ' ಎಂದೆವು, ಅವರು ಉಳಿಸಿಕೊಂಡರು. ಅವರ 'ಮೂರ' ನಮ್ಮ ಮೊಳ, ಅವರ 'ಬಂತಿ' ನಮ್ಮ ಚೆಂಡು ಹೂ, ಅವರ 'ಚಾಮಂತಿ' ನಮ್ಮ ಸೇವಂತಿಗೆ. ಅವರ ಪಸುಪು-ಕುಂಕುಮದ ಜೊತೆಯ ಹೂವಿಗೂ ನಮ್ಮ ಅರಿಶಿನ-ಕುಂಕುಮದ ಹೂವಿಗೂ ವ್ಯತ್ಯಾಸವೇ ಇಲ್ಲ. ಒಂದು ಗಾದೆಯೂ ಎರಡು ಮನೆಯಲ್ಲಿ ಬೆಳೆದಿದೆ. ಸ್ಥಿತಿವಂತನಾಗಿ ಬಾಳಿದ ಊರಿನಲ್ಲೇ ಬಡತನ ತೋರಿಸಬೇಕಾಗಿ ಬಂದರೆ ನಾವು ಹೂ ಮಾರಿದಲ್ಲಿ ಹುಲ್ಲು ಮಾರಿದಂತೆ ಎನ್ನುತ್ತೇವೆ, ಅವರು ಹೂ ಮಾರಿದಲ್ಲಿ ಕಟ್ಟಿಗೆ ಮಾರಿದಂತೆ ಎನ್ನುತ್ತಾರೆ.

ತೆಲಂಗಾಣದವರ ಬತುಕಮ್ಮ ಹಬ್ಬವನ್ನು ವಾಚಕರು ನೋಡಿಯೇ ಇರುತ್ತೀರಿ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ, ತಟ್ಟೆಯಲ್ಲಿ ಹೂವನ್ನು ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸಿ, ಮೇಲೆ ಅರಿಶಿನದ ಗೌರಮ್ಮನನ್ನಿಟ್ಟು, ಹೆಂಗಸರು ಸುತ್ತಲೂ ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ನೀರಿಗೆ ಬಿಡುತ್ತಾರೆ. ೨೦೧೪ರಲ್ಲಿ ಇದು ರಾಜ್ಯದ ಹಬ್ಬವಾಯಿತು. ಇದರ ಮುಖ್ಯ ಹೂವುಗಳಾದ ತಂಗೇಡು ಮತ್ತು ಗುನುಗು ತೋಟದವಲ್ಲ, ಬೀಳುನೆಲದವು, ಹೊಲದ ಬದುವಿನವು. ತಂಗೇಡು ಈಗ ತೆಲಂಗಾಣದ ರಾಜ್ಯಪುಷ್ಪ. ನಮ್ಮ ಕಡೆ ಅದೇ ತಂಗಡಿ, ಹಳೆಯ ಮೈಸೂರಿನ ಕಡೆ ಆವರಿಕೆ. ಊರಿನಲ್ಲಿ ದನ ಸಹ ಮೂಸದ ಗಿಡವೆಂದು ನಾವು ದಾಟಿ ಬಂದ ಹೂವು ಇಲ್ಲಿ ದೇವಿಯಾಗಿ ಕುಳಿತಿದೆ. ನೆರೆಮನೆಯವರು ಬತುಕಮ್ಮನನ್ನು ಜೋಡಿಸುವಾಗ ಒಂದು ಹೊರೆ ತಂಗಡಿ ಹೂವನ್ನು ತಂದುಕೊಟ್ಟರೆ, ಅಂಗಡಿಯ ಗುಲಾಬಿ ನೂರು ಕೊಟ್ಟದ್ದಕ್ಕಿಂತ ಹೆಚ್ಚು.

ಇನ್ನು ಮೂರನೆಯ ಭಾಷೆ. ಮುಸಲ್ಮಾನರ ಮದುವೆಯಲ್ಲಿ ವರನ ಮುಖ ಮುಚ್ಚುವಂತೆ ಕಟ್ಟುವ ಹೂವಿನ ಎಳೆಗಳಿಗೆ ಸೆಹ್ರಾ ಎಂದು ಹೆಸರು. ಅತಿಥಿಗೆ ಹಾರ ಹಾಕಿ ಗೌರವಿಸುವುದು ಗುಲ್‌ಪೋಶಿ. ಸಂತರ ಸಮಾಧಿಗೆ ಹೊದಿಸುವುದು ಹೂವಿನ ಚಾದರ. ಈ ಕೊನೆಯದು ನಮ್ಮ ಕಲಬುರ್ಗಿಯವರಿಗೆ ಹೊಸದಲ್ಲ, ೧೪೨೨ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಜಾತಿಯವರೂ ಹೂವು ಒಯ್ಯುತ್ತಾರೆ. ಗುಲಾಬಿ ಎಸಳು ಅಶುಭವೇನೂ ಅಲ್ಲ, ಸಂತರಿಗೆ ಅದು ಭಕ್ತಿ. ನಮ್ಮ ಗುಮಾಸ್ತರು ತಪ್ಪಿದ್ದು ಹೂವಿನಲ್ಲಲ್ಲ, ಬಾಗಿಲಿನಲ್ಲಿ. ದರ್ಗಾದ ಬಾಗಿಲಿಗೆ ಸಲ್ಲುವುದನ್ನು ಮನೆಯ ಬಾಗಿಲಿಗೆ ಒಯ್ದರು. ಹಿಂದಿಯವರ ನಡುವೆ ಕೆಲಸ ಮಾಡುವವರು ಇದನ್ನೂ ನೆನಪಿಡಿ: ಅವರಲ್ಲಿ ದಹನದ ನಂತರ ಆರಿಸುವ ಅಸ್ಥಿಗೂ 'ಫೂಲ್' ಎಂದೇ ಹೆಸರು. ದುಃಖದ ಮನೆಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಹಾರದ ವಿಚಾರವೆಂದು ತಿಳಿಯಬಾರದು.

೪. ಕೊಡದ ಹೂವು

ಇಲ್ಲಿಯವರೆಗೆ ಕೊಟ್ಟ ಹೂವಿನ ಮಾತಾಯಿತು. ಆದರೆ ನಮ್ಮ ಹೂವಿನ ಭಾಷೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಮಾತಾಡುವುದು ಕೊಡದೆ ಬಿಟ್ಟ ಹೂವು. ಈ ಪಾಠವನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಆದ್ದರಿಂದ ಮುಚ್ಚಿಡದೆ ಬರೆಯುತ್ತೇವೆ.

ಹಿಂದಿನ ವರ್ಷದ ನಮ್ಮ ದಸರೆಯ ಕೂಟದಲ್ಲಿ, ಬಾಗಿಲಲ್ಲಿ ಹೆಂಗಸರಿಗೆ ಅರಿಶಿನ-ಕುಂಕುಮ ಹಚ್ಚಿ ಹೂ ಕೊಡುವ ಏರ್ಪಾಡು ಮಾಡಿದ್ದೆವು. ರಾಯಚೂರಿನ ಕಡೆಯ ವಾಚಕರೊಬ್ಬರು ತಮ್ಮ ತಾಯಿಯನ್ನು ಕರೆತಂದರು. ಕಣ್ಣಿನ ಚಿಕಿತ್ಸೆಗೆಂದು ಮಗನ ಕೋಣೆಗೆ ಬಂದಿದ್ದ ಹಿರಿಯರು. ತಟ್ಟೆ ಹಿಡಿದಿದ್ದ ಹೆಣ್ಣುಮಗಳು ಅವರ ಹಣೆ ನೋಡಿದಳು, ತಟ್ಟೆಯನ್ನು ಹಿಂದಿನವರ ಕಡೆಗೆ ತಿರುಗಿಸಿದಳು. ಅವಳ ಮೇಲೆ ತಪ್ಪು ಹೊರಿಸಲಾರೆವು, ಅವಳಿಗೆ ಹಾಗೆಯೇ ಕಲಿಸಿದ್ದೇವೆ. ಆ ತಾಯಿಯೂ ಏನೂ ಆಗದವರಂತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದಿನ ಸಾಲಿಗೆ ಹೋಗಿ ಕುಳಿತರು. ಮಗ ನೋಡಿದರು. ನಾವೂ ನೋಡಿದೆವು, ಸುಮ್ಮನಿದ್ದೆವು.

ಅದಾದ ಮೇಲೆ ಆ ವಾಚಕರು ಒಂದು ತಿಂಗಳು ಇತ್ತ ಬರಲಿಲ್ಲ. ನಾವೇ ಹೋಗಿ ವಿಚಾರಿಸಿದೆವು. ಬಹಳ ಹೊತ್ತಿನ ಮೇಲೆ ಅವರು ಹೇಳಿದ್ದಿಷ್ಟು: "ನಮ್ಮಪ್ಪ ತೀರಿಕೊಂಡ ಮೇಲೆ ನಮ್ಮವ್ವ ಹೂ ಕಟ್ಟಿ ಮಾರಿ ನಮ್ಮನ್ನು ಓದಿಸಿದಳು. ಅವತ್ತಿನ ನಿಮ್ಮ ತಟ್ಟೆಯ ಹೂವನ್ನು ಮಧ್ಯಾಹ್ನ ಕೂತು ಕಟ್ಟಿಕೊಟ್ಟವಳೂ ಅವಳೇ."

ನಮಗೆ ಉತ್ತರ ತೋಚಲಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತೆಂದು ಗಾದೆ ಹೇಳುತ್ತೇವೆ. ಹೂ ಕಟ್ಟಿದ ಕೈ ಮಾತ್ರ ಬಾಗಿಲಲ್ಲೇ ನಿಂತಿತು.

ಗಂಡ ಸತ್ತ ಹೆಂಗಸಿಗೆ ಹೂವಿಲ್ಲವೆಂಬ ಕಟ್ಟಳೆ ಹಳೆಯದು, ಅದನ್ನು ಪ್ರಶ್ನಿಸಿದವರೂ ಹಳಬರೇ. ವಿಧವಾ ಪುನರ್ವಿವಾಹದ ಕಾಯಿದೆ ಬಂದದ್ದು ೧೮೫೬ರಲ್ಲಿ. ಇದೇ ತೆಲುಗು ನಾಡಿನ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ೧೮೮೧ರ ಡಿಸೆಂಬರ್ ೧೧ರಂದು ರಾಜಮಹೇಂದ್ರಿಯಲ್ಲಿ ವಿಧವಾವಿವಾಹ ನಡೆಸಿ ಊರಿನ ಬೈಗುಳ ಉಂಡರು. ನಮ್ಮ ಟ್ಯಾಂಕ್ ಬಂಡಿನ ಮೇಲಿನ ಪ್ರತಿಮೆಗಳಲ್ಲಿ ಅವರದೂ ಒಂದು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ೨೦೧೩ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಹೂವು ಮುಡಿಯಬಾರದೆಂದವರ ಕೈಯಿಂದಲೇ ದೇವರು ಹೂವು ಮುಡಿಸಿಕೊಂಡ. ೨೦೨೨ರ ಮೇ ತಿಂಗಳಲ್ಲಿ, ನಮ್ಮ ಗಡಿಗೆ ಹತ್ತಿದ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮಸಭೆಯು, ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಠರಾವು ಮಾಡಿತು. ಮಹಾರಾಷ್ಟ್ರ ಸರ್ಕಾರ ಅದನ್ನು ಉಳಿದ ಹಳ್ಳಿಗಳಿಗೂ ಮಾದರಿಯೆಂದು ಸಾರಿತು. ಒಂದು ಹಳ್ಳಿ ಮಾಡಿದ್ದನ್ನು, ನಾಲ್ಕು ಪತ್ರಿಕೆ ಓದುವ ನಾವು ಮಾಡಲಾರೆವೇ?

ನಾವು ಮಾಡಿದ್ದು ದೊಡ್ಡದೇನಲ್ಲ. ಈ ವರ್ಷದ ಕೂಟದಲ್ಲಿ ತಟ್ಟೆ ಹಿಡಿದು ಯಾರನ್ನೂ ನಿಲ್ಲಿಸಲಿಲ್ಲ. ಬಾಗಿಲ ಬಳಿ ಒಂದು ಬುಟ್ಟಿಯ ತುಂಬ ಹೂವಿಟ್ಟು, "ಎಲ್ಲರೂ ತೆಗೆದುಕೊಳ್ಳಿ" ಎಂದು ಬರೆದೆವು. ಗಂಡಸರು, ಮಕ್ಕಳು, ಹೆಂಗಸರು ತಮ್ಮ ತಮ್ಮ ಕೈಯಿಂದ ತೆಗೆದುಕೊಂಡರು. ಆ ತಾಯಿಯನ್ನು ಮಗ ಮತ್ತೆ ಕರೆತಂದಿದ್ದರು. ಅವರು ಸ್ವಲ್ಪ ಹೊತ್ತು ಬುಟ್ಟಿಯ ಹತ್ತಿರ ನಿಂತರು. ಆಮೇಲೆ ಗೇಣುದ್ದದ ಮಲ್ಲಿಗೆಯನ್ನು ತೆಗೆದುಕೊಂಡು, ಗಂಟು ಸರಿಯಾಗಿದೆಯೇ ಎಂದು ನೋಡಿ, ಮೂಸಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಮುಡಿಯಲಿಲ್ಲ. ಮುಡಿಯುವುದು ಬಿಡುವುದು ಅವರ ಇಷ್ಟ, ಅದರಲ್ಲಿ ನಾವು ಬಾಯಿ ಹಾಕತಕ್ಕದ್ದಲ್ಲ. ಕೊಡದೆ ಇರುವುದು ಮಾತ್ರ ನಮ್ಮ ತಪ್ಪು.

೫. ಪಾಠದ ಸಾರ

ಹೂವಿಗೆ ತನ್ನದೆಂಬ ಅರ್ಥವಿಲ್ಲ. ಕೊಡುವವರು, ಕೊಳ್ಳುವವರು, ಊರು, ಬಾಗಿಲು, ಹೊತ್ತು, ಈ ಐದೂ ಸೇರಿ ಅದಕ್ಕೆ ಅರ್ಥ ಕಟ್ಟುತ್ತವೆ. ಆದ್ದರಿಂದ ಅಂಗಡಿಯಲ್ಲಿ ಹೂವು ಆರಿಸುವ ಮೊದಲು ಹೂ ಮಾರುವವರನ್ನೇ, "ಇಂಥವರ ಮನೆಗೆ ಇಂಥ ಕೆಲಸಕ್ಕೆ ಹೋಗುತ್ತಿದ್ದೇನೆ, ಏನು ಒಯ್ಯಲಿ?" ಎಂದು ಕೇಳಿರಿ. ಅವರು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತಾರೆ, ಒಂದು ಬೆರಳು ಹೂವನ್ನು ಕೊಸರಾಗಿಯೂ ಕೊಡುತ್ತಾರೆ. ತಪ್ಪಾದರೆ ಒಪ್ಪಿಕೊಂಡು ನಗಿರಿ. ಇತರರು ತಪ್ಪಿದಾಗ ಆ ಹಿರಿಯರಂತೆ ನಕ್ಕುಬಿಡಿರಿ. ನಮ್ಮದೇ ಪದ್ಧತಿ ಒಬ್ಬರನ್ನು ನೋಯಿಸುತ್ತಿದ್ದರೆ, ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಹಿಡಿದು ನಿಲ್ಲಬೇಡಿರಿ. ಮೆಕ್ಸಿಕೋದ ಚೆಂಡು ಹೂವಿಗೆ ಹೊಸ ಅರ್ಥ ಕೊಟ್ಟವರು ನಾವು, ನಮ್ಮ ಮನೆಯ ಮಲ್ಲಿಗೆಗೂ ಕೊಡಬಲ್ಲೆವು.

ಅಭ್ಯಾಸ

೧. ನಿಮ್ಮ ಊರಿನಲ್ಲಿ ಬೇಲಿಯ ಹೂವೆಂದು ಬಿಟ್ಟದ್ದು, ಈ ಊರಿನಲ್ಲಿ ಪೂಜೆಗೆ ಸಲ್ಲುವುದನ್ನು ಕಂಡಿದ್ದೀರಾ? ಹೆಸರನ್ನು ಎರಡೂ ಭಾಷೆಯಲ್ಲಿ ಬರೆಯಿರಿ.

೨. ನಿಮ್ಮ ಕೋಣೆಯ ನೆರೆಯವರು ಯಾವ ಹಬ್ಬಕ್ಕೆ ಯಾವ ಹೂವು ತರುತ್ತಾರೆ? ಅವರನ್ನೇ ಕೇಳಿ ತಿಳಿಯಿರಿ.

೩. ಊರಿಗೆ ಹೋದಾಗ ನಿಮ್ಮ ಮನೆಯಲ್ಲಿ ಹೂ ಹಂಚುವುದನ್ನು ಗಮನಿಸಿರಿ. ತಟ್ಟೆ ಯಾರನ್ನು ದಾಟಿ ಹೋಗುತ್ತದೆ?

ಮೂರನೆಯ ಪ್ರಶ್ನೆಯ ಉತ್ತರವನ್ನು ನಮಗೆ ಬರೆದು ಕಳಿಸಬೇಕಾಗಿಲ್ಲ. ಆ ತಟ್ಟೆಯನ್ನು ನೀವೇ ಕೈಗೆ ತೆಗೆದುಕೊಂಡರೆ ಸಾಕು.